ಉಚಿತ ಲಸಿಕೆಗೆ ಬೇಳೆಯ ಆಸೆ ಯಾಕೆ ತೋರಿಸಬೇಕು?

ಪುಕ್ಕಟೆ ಲಸಿಕೆಗೂ ಜನ ಬರದಿರೋದು ಬೇಡ ಅಂತಲ್ಲ, 'ಮುಂದಿನ ತಿಂಗಳು ಹಾಕಿಸಿದರಾಯ್ತು' ಅಂತ. ಲಸಿಕೆಯ ಲಾಭ ಕಣ್ಣಿಗೆ ಕಾಣುವುದಿಲ್ಲ. ಅವತ್ತಿನ ಕೂಲಿ ಹೋಗುವುದು, ರಾತ್ರಿ ಮಗುವಿಗೆ ಜ್ವರ ಬರುವುದು ಕಾಣುತ್ತದೆ. ಕೈಗೆ ಸಿಗುವ ಬೇಳೆ ಆ ಮುಂದೂಡಿಕೆಯನ್ನು ತಪ್ಪಿಸುತ್ತದೆ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿತು. ಏನೂ ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪೂರ್ತಿಯಾದ ಮಕ್ಕಳು ಶೇ. 6. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆದಲ್ಲಿ ಶೇ. 18. ಜೊತೆಗೆ ಪ್ರತಿ ಸಲ ಒಂದು ಕೆಜಿ ಬೇಳೆ, ಕೊನೆಗೆ ಊಟದ ತಟ್ಟೆಗಳನ್ನೂ ಕೊಟ್ಟಲ್ಲಿ ಶೇ. 39!

ದುಡ್ಡು ದಂಡ ಅಲ್ವಾ? ಖಂಡಿತ ಅಲ್ಲ. ನರ್ಸ್ ಹೇಗೂ ದಿನವಿಡೀ ಕೂತಿರಬೇಕು. ಮಕ್ಕಳು ಜಾಸ್ತಿ ಬಂದಷ್ಟೂ ತಲಾ ಖರ್ಚು ಇಳಿಯುತ್ತದೆ. ಬರೀ ಶಿಬಿರಕ್ಕಿಂತ ಬೇಳೆ ಕೊಟ್ಟಲ್ಲೇ ಅದು ಸುಮಾರು ಅರ್ಧಕ್ಕಿಳಿದಿತ್ತು.