ಎಂಜಲಿನ ಕಿಣ್ವಗಳು ವೈರಸ್ಸನ್ನು ಕೊಲ್ಲುತ್ತವೆಯೇ?

ಎಂಜಲಿನ ಕಿಣ್ವಗಳಿಗೆ (ಎನ್‌ಜೈಮ್‌ಗಳಿಗೆ) ರೋಗಾಣು ಕೊಲ್ಲುವ ಶಕ್ತಿ ಇದ್ದರೆ ಕೊರೊನಾ ಎಂಜಲಿನ ಹನಿಗಳಿಂದಲೇ ಹರಡಿದ್ದು ಹೇಗೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ.

ನೀವು ಓದಿದ್ದು ಬಹುಶಃ ಎಂಜಲಿನಲ್ಲಿರುವ ಲೈಸೋಜೈಮ್ ಅನ್ನುವ ಕಿಣ್ವದ ಬಗ್ಗೆ. ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಇದರ ಬಗ್ಗೆ ಬರೆದರು. ಹೌದು, ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗೇ. ಲೈಸೋಜೈಮ್ ಬ್ಯಾಕ್ಟೀರಿಯಾದ ಕೋಶಗೋಡೆಯನ್ನು ಕತ್ತರಿಸುತ್ತದೆ. ವೈರಸ್‌ಗೆ ಆ ಗೋಡೆಯೇ ಇಲ್ಲ, ಇನ್ನು ಕತ್ತರಿಸೋದೇನು? ಎಂಜಲಿನ ಇನ್ನೊಂದು ಕಿಣ್ವ ಅಮೈಲೇಸ್ ಅಂತೂ ಪಿಷ್ಟ ಒಡೆಯೋಕೆ ಇರುವುದು. ಮತ್ತೊಂದು ಕಿಣ್ವ ಪೆರಾಕ್ಸಿಡೇಸ್ ಸ್ವಲ್ಪ ಬೇರೆ. ಅದರಿಂದ ಹುಟ್ಟುವ ಹೈಪೋಥಯೋಸಯನೈಟ್ ಅನ್ನುವ ರಾಸಾಯನಿಕ ಪ್ರಯೋಗಾಲಯದಲ್ಲಿ ಫ್ಲೂ ವೈರಸ್ಸನ್ನು ನಿಷ್ಕ್ರಿಯಗೊಳಿಸಿದೆ. ಹಾಗಂತ ಬಾಯಲ್ಲೂ ಅಷ್ಟೇ ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ.

ಮಜಾ ಇರೋದು ಇದರ ಉಲ್ಟಾ ಕಡೆ. ಕೆಲವು ಕಿಣ್ವಗಳು ವೈರಸ್‌ಗೇ ನೆರವಾಗುತ್ತವೆ! ಕೊರೊನಾ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಬೇಕಾದರೆ ಅದರ ಮೇಲಿನ ಸ್ಪೈಕ್ ಪ್ರೋಟೀನನ್ನು ಯಾರಾದರೂ ಕತ್ತರಿಸಿಕೊಡಬೇಕು. ಆ ಕೆಲಸ ಮಾಡುವುದರಲ್ಲಿ ಟಿಎಂಪಿಆರ್‌ಎಸ್‌ಎಸ್2 ಅನ್ನುವ ನಮ್ಮದೇ ಕಿಣ್ವ ಮುಖ್ಯ. ಇದು ಎಂಜಲಿನಲ್ಲಿ ಸುಮ್ನೆ ತೇಲಾಡುವ ಜೀರ್ಣಕಿಣ್ವ ಅಲ್ಲ, ಜೀವಕೋಶದ ಮೇಲ್ಪದರದಲ್ಲಿ ಕೂತಿರುತ್ತದೆ. ಬಾಯಿಯ ಒಳಪದರದಲ್ಲೂ ಲಾಲಾಗ್ರಂಥಿಗಳಲ್ಲೂ ಇದೆ. ಹಾಗಾಗಿ ಗ್ರಂಥಿಗಳಿಗೇ ಸೋಂಕು ತಗಲಬಹುದು ಅಂತ 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದರೆ ಎಂಜಲಿನ ವೈರಸ್ ಎಲ್ಲ ಮೂಗು, ಶ್ವಾಸಕೋಶದಿಂದ ಬಂದದ್ದೇ ಆಗಬೇಕಿಲ್ಲ.

ಎಲ್ಲ ವೈರಸ್‌ಗೂ ಇದೇ ಲೆಕ್ಕ ಅಲ್ಲ. ಮಂಗನಬಾವು ಎಂಜಲಿನಿಂದ ಸುಲಭವಾಗಿ ಹರಡುತ್ತದೆ, ಎಚ್‌ಐವಿ ಬರೀ ಎಂಜಲಿನಿಂದ ಹರಡುವುದಿಲ್ಲ.