ಗ್ರೀಸಿನ ಥೆಸಲೋನಿಕಿಯ ಸಂತ ದಿಮಿತ್ರಿಯೋಸ್ ಚರ್ಚು: ನೆಲಮಾಳಿಗೆ ಯಾಕೆ ಮುಚ್ಚಿತ್ತು?

ಸಂಜೆ ಹೋದಾಗ ಚರ್ಚು ತೆರೆದಿತ್ತು, ನೆಲಮಾಳಿಗೆ ಮಾತ್ರ ಮುಚ್ಚಿತ್ತು ಅಂದಿದ್ದೀರಿ. ಬಹುಶಃ ಹೊತ್ತಿನದೇ ತೊಂದರೆ. ನೆಲಮಾಳಿಗೆಯನ್ನು ಮ್ಯೂಸಿಯಂ ತರಹ ನಡೆಸುತ್ತಾರೆ, ಚರ್ಚಿಗಿಂತ ಬೇಗ ಮುಚ್ಚುತ್ತದೆ.

ಈ ಸಲ ಬೆಳಿಗ್ಗೆಯೇ ಹೋಗಿ, ಮೊದಲು ಕೆಳಗಿಳಿಯಿರಿ. ಮೆಟ್ಟಿಲು ಬಲಿಪೀಠದ ಬಲಗಡೆ ಇದೆ. ದಿಮಿತ್ರಿಯೋಸ್‌ನನ್ನು ಕೊಂದ ಜಾಗ ಅಂತ ನಂಬುವ ರೋಮನ್ ಸ್ನಾನಗೃಹ ಅದೇ. ಆಮೇಲೆ ಮೇಲೆ ಬಂದು ಬಲಿಪೀಠದ ಅಕ್ಕಪಕ್ಕದ ಕಂಬಗಳನ್ನು ಹತ್ತಿರದಿಂದ ನೋಡಿ. 1917ರ ಬೆಂಕಿಯಲ್ಲಿ ಚರ್ಚು ಬಹುಪಾಲು ಸುಟ್ಟುಹೋಯಿತು, ಈಗ ಕಾಣುವುದು ಜಾಸ್ತಿ ಮತ್ತೆ ಕಟ್ಟಿದ್ದು. ಆದರೆ ಆ ಕಂಬಗಳ ಮೇಲಿನ ಮೊಸಾಯಿಕ್ (ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರಗಳು) ಉಳಿದವು. ಒಂದರಲ್ಲಿ ಸಂತ ಇಬ್ಬರ ಹೆಗಲ ಮೇಲೆ ಕೈಹಾಕಿ ನಿಂತಿದ್ದಾನೆ, ಹಳೇ ಗೆಳೆಯರ ಫೋಟೋ ಹಾಗೆ.

ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅಕ್ಟೋಬರ್ 26 ಸಂತನ ಹಬ್ಬ, ಸುಮ್ನೆ ನೋಡೋಕೆ ಆ ದಿನ ಬೇಡ.