ಹಡಗಿನ ಹೊಗೆಯಿಂದ ಮಲೆನಾಡಿನ ಮಳೆ ಏರುಪೇರಾಗುತ್ತದೆಯೇ?

ಹಡಗುಗಳ ಹೊಗೆ ಕರಾವಳಿಯ ಮೋಡಗಳನ್ನು ಬದಲಿಸುತ್ತದೆಯೇ, ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹದ ತಪ್ಪಿರುವುದಕ್ಕೆ ಅದೇ ಕಾರಣವೇ ಎಂದು ಕೇಳಿದ್ದೀರಿ. ಮೊದಲನೆಯದು ನಿಜ. ಎರಡನೆಯದನ್ನು, ಮೂಡಿಗೆರೆ ಬಳಿಯ ಕಾಫಿ ಬೆಳೆಗಾರನಾದ ನಾನು ಒಪ್ಪಲಾರೆ.

ಕಚ್ಚಾತೈಲದಿಂದ ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ಉಳಿಯುವ ಮಂದ ಎಣ್ಣೆಯೇ ದೊಡ್ಡ ಹಡಗುಗಳ ಮುಖ್ಯ ಇಂಧನ. ಅದರಲ್ಲಿ ಗಂಧಕವಿರುತ್ತದೆ. ಉರಿದಾಗ ಹೊರಬರುವ ಗಂಧಕದ ಅನಿಲ ಗಾಳಿಯಲ್ಲಿ ಸಲ್ಫೇಟ್ ಕಣಗಳಾಗುತ್ತದೆ. ಆ ಕಣಗಳ ಸುತ್ತ ನೀರಾವಿ ಹನಿಗಟ್ಟುತ್ತದೆ. ನೀರು ಅಷ್ಟೇ ಇದ್ದು ಕಣಗಳು ಹೆಚ್ಚಿದರೆ ಹನಿಗಳು ಹೆಚ್ಚುತ್ತವೆ, ಆದರೆ ಸಣ್ಣದಾಗುತ್ತವೆ. ಕಲ್ಲುಸಕ್ಕರೆಯನ್ನು ಕುಟ್ಟಿದರೆ ಪುಡಿ ಬೆಳ್ಳಗೆ ಕಾಣುವಂತೆ ಮೋಡವೂ ಬೆಳ್ಳಗಾಗಿ, ಬಿಸಿಲನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಹಡಗು ಸಾಗಿದ ದಾರಿಯುದ್ದಕ್ಕೂ ಇಂಥ ಬಿಳಿ ಗೆರೆಗಳು 1960ರ ದಶಕದ ಉಪಗ್ರಹ ಚಿತ್ರಗಳಲ್ಲೇ ಕಂಡಿದ್ದವು.

ಆದರೆ ಅವು ಹೆಚ್ಚಾಗಿ ಕಾಣುವುದು ಕ್ಯಾಲಿಫೋರ್ನಿಯಾ, ನಮೀಬಿಯಾದಂಥ ತೀರಗಳಲ್ಲಿ, ತಣ್ಣನೆಯ ಕಡಲಿನ ಮೇಲೆ ತಗ್ಗಿನಲ್ಲಿ ಹಾಸಿಕೊಂಡ ತೆಳು ಮೋಡಗಳಲ್ಲಿ. ನಮ್ಮ ಮುಂಗಾರಿನ ಮೋಡ ಆ ಜಾತಿಯದೇ ಅಲ್ಲ. ಅರಬ್ಬೀ ಸಮುದ್ರದ ಗಾಳಿ ಚಾರ್ಮಾಡಿ, ಶಿರಾಡಿಯ ಬೆಟ್ಟಗಳಿಗೆ ಬಡಿದು, ಮೇಲೇರಿ, ತಣ್ಣಗಾಗಿ ಸುರಿಯುತ್ತದೆ. ಆ ಗಾಳಿಯಲ್ಲಿ ಕಡಲುಪ್ಪಿನ ಕಣಗಳು ಮೊದಲೇ ಧಾರಾಳವಾಗಿರುತ್ತವೆ. ಸುರಿವ ಮಳೆ ಹೊಗೆಯನ್ನೂ ತೊಳೆದುಹಾಕುತ್ತದೆ. ಪಣಂಬೂರು ಬಂದರಿಗೆ ಬರುವ ಹಡಗುಗಳ ಮೇಲೆ ಗೂಬೆ ಕೂರಿಸುವುದು ಸುಲಭ, ಅಷ್ಟೇ.

ಗುಡುಗು ಮೋಡಗಳ ಕಥೆ ಬೇರೆ, ನನಗೆ ಹೆಚ್ಚು ಸೋಜಿಗವೆನಿಸಿದ್ದೂ ಅದೇ. ಶ್ರೀಲಂಕಾದ ದಕ್ಷಿಣದಿಂದ ಮಲಾಕ್ಕಾ ಜಲಸಂಧಿಯ ಕಡೆಗೆ ಸಾಗುವ ಹಡಗು ಮಾರ್ಗದ ಮೇಲೆ, ಅಕ್ಕಪಕ್ಕದ ಕಡಲಿಗಿಂತ ಸುಮಾರು ಎರಡು ಪಟ್ಟು ಮಿಂಚು ಹೊಡೆಯುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2020ರ ಜನವರಿ 1ರಿಂದ ಹಡಗು ಇಂಧನದ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಲಾಯಿತು. ಆ ಭಾಗದಲ್ಲಿ ಮಿಂಚು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು! ಮೋಡಗಳಲ್ಲಿನ ಬಿಳಿ ಗೆರೆಗಳೂ ವಿರಳವಾದವು. ಗೆರೆ ಅಳಿಸಿದಲ್ಲೆಲ್ಲ ಕಡಲಿಗೆ ಬಿಸಿಲು ಹೆಚ್ಚು ತಾಗುತ್ತದೆ. ಇದರಿಂದ ಭೂಮಿ ಎಷ್ಟು ಬಿಸಿಯಾಯಿತು ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಹಾಗೆಂದು ಹಳೆಯ ಹೊಗೆಯೇ ಬೇಕು ಎನ್ನುವವರು ಬಂದರಿನ ಪಕ್ಕದಲ್ಲಿ ಮನೆ ಮಾಡಿ ನೋಡಲಿ.

ನಿಮ್ಮ ತೋಟದಲ್ಲಿ ಮಳೆ ಲೆಕ್ಕ ಬರೆದಿಟ್ಟ ಹಳೆಯ ಪುಸ್ತಕಗಳಿದ್ದರೆ, 2023ರಂಥ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯೇರಿ, ನಮ್ಮ ಮುಂಗಾರು ಹಲವು ಬಾರಿ ಸೊರಗುವ) ವರ್ಷಗಳನ್ನು ಉಳಿದವುಗಳ ಪಕ್ಕದಲ್ಲಿಟ್ಟು ನೋಡಿ. ಹುಡುಕುವುದನ್ನು ನಾನಾದರೆ ಅಲ್ಲಿಂದ ಶುರು ಮಾಡುತ್ತೇನೆ.